ಸೈಕಲ್ಲಿಗೆ ಹಿಂದಿನ ಲೈಟು: ಬೆಂಗಳೂರಿನ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂದಿನ ಲೈಟಿನ ಬಗ್ಗೆ ನನ್ನನ್ನು ಕೇಳುವವರು ಕಡಿಮೆ. ಕತ್ತಲಲ್ಲಿ ಗುಂಡಿ ಕಾಣಲಿಲ್ಲವೆಂದರೆ ಮರುದಿನವೇ ಹೋಗಿ ಒಂದು ತಂದುಬಿಡುತ್ತಾರೆ. ಹಿಂದಿನದರ ಕಥೆ ಬೇರೆ. ಅದು ಉರಿಯುತ್ತಿದೆಯೋ ಆರಿಹೋಗಿದೆಯೋ ಸೀಟಿನ ಮೇಲೆ ಕೂತವರಿಗೆ ಕಾಣುವುದೇ ಇಲ್ಲ. ಹಾಗಾಗಿ ಅಂಗಡಿಯವರು ಕೊಟ್ಟದ್ದನ್ನು ಸಿಕ್ಕಿಸಿಕೊಂಡು ಮರೆತುಬಿಡುತ್ತೇವೆ. ಬನಶಂಕರಿಯಿಂದ ಕೋರಮಂಗಲದ ಆಫೀಸಿಗೆ ವರ್ಷಗಟ್ಟಲೆ ಸೈಕಲ್ ತುಳಿದು, ಒಂದಷ್ಟು ಲೈಟುಗಳನ್ನು ಮಳೆಗೂ ಇನ್ನೊಂದಷ್ಟನ್ನು ಹಂಪುಗಳಿಗೂ ಅರ್ಪಿಸಿದ ಮೇಲೆ ಕಲಿತದ್ದು ಇಲ್ಲಿದೆ. ಈ ಲೈಟಿನ ನಿಜವಾದ ಗಿರಾಕಿ ನಿಮ್ಮ ಹಿಂದೆ ಬರುತ್ತಿರುವ ಆಟೊ ಡ್ರೈವರ್. ದುಡ್ಡು ಕೊಡುವವರು ಮಾತ್ರ ನೀವು. ಕೊಳ್ಳುವಾಗ ಅವನ ಸೀಟಿನಲ್ಲಿ ಕೂತು ಯೋಚಿಸಿ, ಅರ್ಧ ಪ್ರಶ್ನೆಗಳು ತಾವಾಗಿ ಬಗೆಹರಿಯುತ್ತವೆ.

ನಾನು ಓಡಾಡುವ ರಸ್ತೆಯಲ್ಲೆಲ್ಲ ಬೀದಿದೀಪ ಇದೆ. ನನಗೂ ಬೇಕಾ?

ಬೇಕು. ಜಯನಗರ, ಬಸವನಗುಡಿ, ಮಲ್ಲೇಶ್ವರದ ಹಳೆ ರಸ್ತೆಗಳಲ್ಲಿ ದೀಪ ಇರುವುದು ಕೊಂಬೆಗಳ ಮೇಲೆ, ನಾವಿರುವುದು ಕೊಂಬೆಗಳ ಕೆಳಗೆ. ಎರಡು ಕಂಬಗಳ ನಡುವೆ, ಫ್ಲೈಓವರ್ ಅಡಿಯಲ್ಲಿ, ಅಂಡರ್‌ಪಾಸಿನ ಬಾಯಲ್ಲಿ ಕಪ್ಪು ಪ್ಯಾಂಟು ತೊಟ್ಟು ಹೋಗುವ ಸೈಕಲ್ ಸವಾರ ಇದ್ದೂ ಇಲ್ಲದಂತೆ.

ಹೊತ್ತಿನ ಲೆಕ್ಕವನ್ನೂ ನೋಡಿ. ನಮ್ಮೂರಲ್ಲಿ ಜುಲೈ ಮೊದಲಲ್ಲಿ ಸೂರ್ಯ ಮುಳುಗುವುದು ಸುಮಾರು 6.50ಕ್ಕೆ, ನವೆಂಬರ್ ಕೊನೆಯಲ್ಲಿ 5.50ಕ್ಕೆ. ಮುಸ್ಸಂಜೆಯೂ ಇಲ್ಲಿ ಬೇಗ ಮುಗಿಯುತ್ತದೆ. ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಕತ್ತಲು ಕವಿದಿರುತ್ತದೆ. ಆರೂವರೆಗೆ ಆಫೀಸು ಬಿಡುವವರು ವರ್ಷದ ಬಹುಪಾಲು ದಿನ ಮನೆ ಸೇರುವುದು ಕತ್ತಲಲ್ಲೇ.

60 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಡ್ರೈವರು ನಿಮ್ಮನ್ನು ಕಂಡು, 'ಓ, ಸೈಕಲ್ಲು' ಎಂದುಕೊಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಒಂದೂವರೆ ಸೆಕೆಂಡು ಎಂದಿಟ್ಟುಕೊಂಡರೂ 25 ಮೀಟರ್ ಹೋಯಿತು. ಆಮೇಲೆ ನಿಲ್ಲಲು ಒಣ ರಸ್ತೆಯಲ್ಲಿ ಇನ್ನೊಂದು 20 ಮೀಟರ್, ಒದ್ದೆ ರಸ್ತೆಯಲ್ಲಿ 35ರಷ್ಟು ಬೇಕು. 60 ಮೀಟರ್ ದೂರದಿಂದಲಾದರೂ ನೀವು ಕಾಣದಿದ್ದರೆ, ಅವನು ಎಷ್ಟೇ ಒಳ್ಳೆಯ ಡ್ರೈವರ್ ಆಗಿದ್ದರೂ ಏನು ಮಾಡಿಯಾನು?

ಸೈಕಲ್ಲಿಗೆ ಕೆಂಪು ರಿಫ್ಲೆಕ್ಟರ್ ಇದೆಯಲ್ಲ, ಸಾಲದೇ?

ರಿಫ್ಲೆಕ್ಟರಿಗೆ ಸ್ವಂತ ಬೆಳಕಿಲ್ಲ. ಹಿಂದಿನ ಗಾಡಿಯ ಹೆಡ್‌ಲೈಟು ಅದರ ಮೇಲೆ ಬಿದ್ದರೆ ಮಾತ್ರ ಬೆಳಕು ವಾಪಸು ಹೋಗುತ್ತದೆ. ಒಂದೇ ಕಣ್ಣಿನ, ಮಂಕು ಹೆಡ್‌ಲೈಟಿನ ಆಟೊಗಳು ನಮ್ಮಲ್ಲಿ ಎಷ್ಟಿವೆ ಎಂದು ನಿಮಗೇ ಗೊತ್ತು. ತಿರುವಿನಲ್ಲಿ ಹೆಡ್‌ಲೈಟು ಬೇರೆ ಕಡೆ ನೋಡುತ್ತಿರುತ್ತದೆ. ಆದರೂ ಅದನ್ನು ಕಿತ್ತು ಬಿಸಾಡಬೇಡಿ. ಚಾರ್ಜ್ ಮುಗಿದು ಲೈಟು ಆರಿಹೋದ ರಾತ್ರಿ ಉಳಿಯುವುದು ಅದೊಂದೇ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಕೆಸರು ಮೆತ್ತಿದ ರಿಫ್ಲೆಕ್ಟರ್ ಬರೀ ಪ್ಲಾಸ್ಟಿಕ್ಕು. ಕೊಳ್ಳುವಾಗ ಸರ್ಕಾರಿ ಗುಣಮಟ್ಟದ ಬಿಐಎಸ್ ಗುರುತು ಇದೆಯೇ ನೋಡಿ.

ಎಷ್ಟು ಲುಮೆನ್ ಇರಬೇಕು?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನನ್ನ ಮಟ್ಟಿಗೆ ಇದು ನಾಲ್ಕನೆಯದಾಗಿ ಕೇಳಬೇಕಾದ ಪ್ರಶ್ನೆ. ಊರೊಳಗಿನ ರಾತ್ರಿ ಓಡಾಟಕ್ಕೆ 15ರಿಂದ 30 ಲುಮೆನ್ ಚೆನ್ನಾಗಿ ಸಾಕು. ಬಳ್ಳಾರಿ ರಸ್ತೆ, ತುಮಕೂರು ರಸ್ತೆಯಂಥ ವೇಗದ ದಾರಿ ಹಿಡಿಯುವವರಿಗೆ, ಹಗಲಲ್ಲೂ ಹಾಕಿಕೊಳ್ಳುವವರಿಗೆ 50ರಿಂದ 100 ಇರಲಿ.

ಲುಮೆನ್ ಅಂದರೆ ಲೈಟಿನಿಂದ ಎಲ್ಲ ದಿಕ್ಕಿಗೂ ಹೊರಬೀಳುವ ಬೆಳಕಿನ ಒಟ್ಟು ಮೊತ್ತ. ಒಂದೇ ದಿಕ್ಕಿಗೆ ಎಷ್ಟು ತೀಕ್ಷ್ಣವಾಗಿ ಹೋಗುತ್ತದೆ ಎಂಬುದಕ್ಕೆ ಕ್ಯಾಂಡೆಲಾ ಎಂಬ ಬೇರೆಯೇ ಅಳತೆ ಇದೆ. ಒಳ್ಳೆಯ ಲೆನ್ಸ್ ಇರುವ 20 ಲುಮೆನ್ ಲೈಟು ನೇರ ಹಿಂದೆ ದೂರದವರೆಗೆ ಚುಚ್ಚುವಂತೆ ಕಾಣುತ್ತದೆ. ಲೆನ್ಸೇ ಇಲ್ಲದ 50 ಲುಮೆನ್ನಿನದು ಬೆಳಕನ್ನು ಆಕಾಶಕ್ಕೂ ನಿಮ್ಮ ಟೈರಿಗೂ ಹಂಚಿಬಿಡುತ್ತದೆ. ಬರೀ ಚುಚ್ಚುವುದೂ ಸಾಲದು. ಅಡ್ಡರಸ್ತೆಯಿಂದ ನುಗ್ಗುವ ಸ್ಕೂಟರಿಗೆ ಪಕ್ಕದಿಂದಲೂ ಕಾಣಬೇಕು. ಲೈಟನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಪಕ್ಕಕ್ಕೆ ತಿರುಗಿಸಿ. ಪೂರ್ತಿ ಅಡ್ಡ ತಿರುಗಿದ ಮೇಲೂ ಕೆಂಪು ಕಾಣುತ್ತಿದ್ದರೆ ಅಂಥದ್ದನ್ನು ಕೊಳ್ಳಿ.

ಇನ್ನೂರು ರೂಪಾಯಿಯ ಡಬ್ಬಿಯ ಮೇಲೆ '1000 ಲುಮೆನ್' ಎಂದು ಬರೆದಿರುತ್ತದಲ್ಲ, ಅದಕ್ಕೊಂದು ಮನೆಲೆಕ್ಕ ಹೇಳುತ್ತೇನೆ. ಒಳಗೆ 500 ಎಂಎಎಚ್, ಅಂದರೆ ಅರ್ಧ ಆಂಪಿಯರ್-ಅವರ್ ಬ್ಯಾಟರಿ ಇದೆ ಅನ್ನಿ. 3.7 ವೋಲ್ಟಿನಿಂದ ಗುಣಿಸಿದರೆ ಎರಡು ವಾಟ್-ಅವರ್ ಕೂಡ ಆಗುವುದಿಲ್ಲ. ಒಂದು ವಾಟಿಗೆ 100 ಲುಮೆನ್ ಎಂದು ಧಾರಾಳವಾಗಿ ಕೊಟ್ಟರೂ 1000 ಲುಮೆನ್ನಿಗೆ 10 ವಾಟ್ ಬೇಕು. ಅಂದರೆ ಹನ್ನೊಂದು ನಿಮಿಷಕ್ಕೆ ಬ್ಯಾಟರಿ ಖಾಲಿ. ಅದೇ ಡಬ್ಬಿಯ ಇನ್ನೊಂದು ಮಗ್ಗುಲಲ್ಲಿ '20 ಗಂಟೆ ಉರಿಯುತ್ತದೆ' ಎಂದೂ ಇರುತ್ತದೆ. ಎರಡರಲ್ಲಿ ಒಂದಾದರೂ ಸುಳ್ಳು, ಸಾಮಾನ್ಯವಾಗಿ ಎರಡೂ.

ಮಿನುಗಿಸಬೇಕಾ, ಸುಮ್ಮನೆ ಉರಿಸಬೇಕಾ?

ಮಿನುಗುವ ಬೆಳಕು ಬೇಗ ಕಣ್ಣು ಸೆಳೆಯುತ್ತದೆ. ಆದರೆ ಅದು ಎಷ್ಟು ದೂರದಲ್ಲಿದೆ, ಎಷ್ಟು ಬೇಗ ಹತ್ತಿರ ಬರುತ್ತಿದೆ ಎಂದು ಅಳೆಯುವುದು ಹಿಂದಿನವನಿಗೆ ಕಷ್ಟ, ಏಕೆಂದರೆ ಅವನ ಕಣ್ಣಿಗೆ ಸಿಗುವುದು ತುಂಡು ತುಂಡು ಸುಳಿವು. ಆರಿದ ಆ ಅರೆಕ್ಷಣದಲ್ಲಿ ನೀವು ಗುಂಡಿ ತಪ್ಪಿಸಲು ಪಕ್ಕಕ್ಕೆ ಸರಿದಿದ್ದರೆ ಗೊತ್ತಾಗುವುದೂ ತಡ. ದೇಶಗಳೂ ಈ ವಿಷಯದಲ್ಲಿ ಒಮ್ಮತಕ್ಕೆ ಬಂದಿಲ್ಲ. ಜರ್ಮನಿಯ ನಿಯಮದ ಪ್ರಕಾರ ಸೈಕಲ್ಲಿನ ಹಿಂದಿನ ಲೈಟು ಮಿನುಗುವಂತೆಯೇ ಇಲ್ಲ. ಬ್ರಿಟನ್ 2005ರಲ್ಲಿ ಒಪ್ಪಿತು, ಆದರೆ ನಿಮಿಷಕ್ಕೆ 60ರಿಂದ 240 ಸಲ, ಅದೂ ಒಂದೇ ಲಯದಲ್ಲಿ ಎಂಬ ಷರತ್ತಿನೊಂದಿಗೆ.

ನಾನು ಮಾಡುವುದು ಇಷ್ಟು: ಸೀಟನ್ನು ಹೊತ್ತ ಕೊಳವೆಯಲ್ಲಿ, ಅಂದರೆ ಸೀಟ್ ಪೋಸ್ಟಿನಲ್ಲಿ, ಒಂದು ಸುಮ್ಮನೆ ಉರಿಯುತ್ತದೆ, ಚಿಕ್ಕದೊಂದು ಕೆಳಗೆ ನಿಧಾನವಾಗಿ ಮಿನುಗುತ್ತದೆ. ಒಂದು ಕರೆಯುತ್ತದೆ, ಇನ್ನೊಂದು ಜಾಗ ತೋರಿಸುತ್ತದೆ. ಒಂದರ ಬ್ಯಾಟರಿ ದಾರಿಯಲ್ಲಿ ಮುಗಿದರೂ ಇನ್ನೊಂದಿರುತ್ತದೆ. ಒಂದೇ ಲೈಟು ಕೊಳ್ಳುವ ಶಕ್ತಿ ಇದ್ದರೆ 'ಪಲ್ಸ್' ಇರುವುದನ್ನು ನೋಡಿ, ಅದು ಪೂರ್ತಿ ಆರದೆ ಮಂಕಾಗಿ ಮತ್ತೆ ಏರುತ್ತದೆ. ಮದುವೆಮನೆಯ ಸೀರಿಯಲ್ ಸೆಟ್ಟಿನಂತೆ ಏಳು ಬಗೆಯಲ್ಲಿ ಕುಣಿಯುವ ಲೈಟು ನಿಮಗೆ ಬೇಡ. ಏಳನೆಯ ಬಗೆಯಿಂದ ಮೊದಲನೆಯದಕ್ಕೆ ಬರಲು ಸಿಗ್ನಲ್ಲಿನಲ್ಲಿ ಗುಂಡಿ ಒತ್ತುತ್ತಾ ನಿಲ್ಲಬೇಕಾಗುತ್ತದೆ.

ನೀಲಿ, ಹಸಿರು, ಬಣ್ಣ ಬದಲಿಸುವ ಲೈಟು ಚೆಂದ ಅಲ್ವಾ?

ಗಣೇಶನ ಪೆಂಡಾಲಿಗೆ ಚೆಂದ. ಕೆಂಪು ಎಂದರೆ ಗಾಡಿಯ ಹಿಂಭಾಗ ಎಂದು ರಸ್ತೆಯಲ್ಲಿರುವ ಪ್ರತಿಯೊಬ್ಬರಿಗೂ ಯೋಚಿಸದೆ ಗೊತ್ತು. ಅದೇ ಕಾರಣಕ್ಕೆ ಹಿಂದೆ ಬಿಳಿ ಲೈಟಂತೂ ಬೇಡವೇ ಬೇಡ, ಎದುರಿಗೆ ಬರುತ್ತಿದ್ದೀರಿ ಎಂದು ತಿಳಿಯುತ್ತಾರೆ.

ಮಳೆಗೆ ಯಾವುದು ತಡೆಯುತ್ತದೆ?

ಡಬ್ಬಿಯ ಮೇಲೆ 'ವಾಟರ್‌ಪ್ರೂಫ್' ಎಂಬ ಪದವನ್ನು ನಂಬಬೇಡಿ, ಐಪಿ ಸಂಖ್ಯೆ ಹುಡುಕಿ. ಐಪಿಎಕ್ಸ್ 4 ಅಂದರೆ ಯಾವ ದಿಕ್ಕಿನಿಂದ ನೀರು ಎರಚಿದರೂ ತಡೆಯುತ್ತದೆ. ಐಪಿಎಕ್ಸ್ 5 ಮತ್ತು 6 ಪೈಪಿನಿಂದ ರಭಸವಾಗಿ ಬಿಟ್ಟ ನೀರಿಗೆ. ಐಪಿಎಕ್ಸ್ 7 ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ ಪರೀಕ್ಷಿಸಿದ್ದು. ನಡುವಿನ 'ಎಕ್ಸ್' ಎಂದರೆ ಧೂಳಿಗೆ ಅಂಕ ಕೊಟ್ಟಿಲ್ಲ ಎಂದಷ್ಟೇ. ಐಪಿ 67 ಎಂದಿದ್ದರೆ ಧೂಳೂ ಒಳಗೆ ಹೋಗುವುದಿಲ್ಲ.

ಬೆಂಗಳೂರಿಗೆ ಕನಿಷ್ಠ ಐಪಿಎಕ್ಸ್ 5 ಎನ್ನುವುದು ನನ್ನ ಅಭಿಪ್ರಾಯ, ಅದಕ್ಕೆ ಕಾರಣ ಮೇಲಿಂದ ಬೀಳುವ ಮಳೆಯಲ್ಲ. ಮಡ್‌ಗಾರ್ಡ್ ಇಲ್ಲದ ಸೈಕಲ್ಲಿನ ಹಿಂದಿನ ಚಕ್ರ ರಸ್ತೆಯ ಕೆಸರುನೀರನ್ನು ಎತ್ತಿ ನೇರ ಲೈಟಿಗೇ ಹೊಡೆಯುತ್ತಿರುತ್ತದೆ. ಸೆಪ್ಟೆಂಬರ್, ಅಕ್ಟೋಬರಿನ ಸಂಜೆ ಮಳೆ ಸರಿಯಾಗಿ ಆಫೀಸು ಬಿಡುವ ಹೊತ್ತಿಗೇ ಬರುತ್ತದೆ, ಮನೆ ಸೇರುವವರೆಗೂ ಆ ಅಭಿಷೇಕ ನಿಲ್ಲುವುದಿಲ್ಲ. ಹಾಗಾಗಿ ಲೈಟಿಗಿಂತ ಮೊದಲು ಮಡ್‌ಗಾರ್ಡ್ ಹಾಕಿಸಿ ಎಂದು ನಾನು ಹೇಳುವುದುಂಟು.

ನನ್ನ ಮೊದಲ ಚಾರ್ಜಿಂಗ್ ಲೈಟು ಸತ್ತದ್ದು ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳದಿಂದ. ಬೆಳಿಗ್ಗೆ ಅವಸರದಲ್ಲಿ ಕೇಬಲ್ ಕಿತ್ತು ಮುಚ್ಚಳ ಒತ್ತಲು ಮರೆತಿದ್ದೆ, ಸಂಜೆ ಡೇರಿ ಸರ್ಕಲ್ ಹತ್ತಿರ ಮಳೆ ಹಿಡಿಯಿತು. ಮನೆಗೆ ಬಂದು ಬಿಚ್ಚಿದರೆ ಒಳಗಿಂದ ಒಂದು ಚಮಚ ಕಾಫಿ ಬಣ್ಣದ ನೀರು ಸುರಿಯಿತು. ಕೊಳ್ಳುವಾಗ ಆ ಮುಚ್ಚಳವನ್ನು ನಾಲ್ಕು ಸಲ ತೆಗೆದು ಹಾಕಿ ನೋಡಿ. ಸಡಿಲವಾಗಿದ್ದರೆ ಡಬ್ಬಿಯ ಮೇಲಿನ ಸಂಖ್ಯೆ ಯಾವುದಿದ್ದರೂ ಬೇಡ.

ಚಾರ್ಜ್ ಮಾಡುವುದು ಒಳ್ಳೆಯದೋ, ಸೆಲ್ ಹಾಕುವುದೋ?

ದಿನಾ ಓಡಾಡುವವರಿಗೆ ಚಾರ್ಜಿಂಗಿನದು. ಹೋಗಿಬರಲು ಒಂದೂವರೆ ಗಂಟೆ ಅಂದರೆ ಐದು ದಿನಕ್ಕೆ ಏಳೂವರೆ ಗಂಟೆ. ನೀವು ನಿಜವಾಗಿ ಬಳಸುವ ಮೋಡಿನಲ್ಲಿ ಎಂಟು ಗಂಟೆ ಬರುವಂಥದ್ದು ಸಿಕ್ಕರೆ ಭಾನುವಾರ ರಾತ್ರಿ ಒಮ್ಮೆ ಚಾರ್ಜಿಗೆ ಹಾಕಿದರೆ ವಾರ ಕಳೆಯುತ್ತದೆ. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಗಂಟೆಗಳು ಹೆಚ್ಚಾಗಿ ಅತಿ ಮಂಕು ಮಿನುಗಿನ ಲೆಕ್ಕ, ಎಚ್ಚರ. ಬ್ಯಾಟರಿ ಕಡಿಮೆಯಾದಾಗ ಬಣ್ಣ ಬದಲಿಸುವ ಸಣ್ಣ ಸೂಚಕ ಇರುವುದಕ್ಕೆ ನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಲಿಥಿಯಂ ಬ್ಯಾಟರಿ ಕೊನೆಯವರೆಗೂ ಚೆನ್ನಾಗಿ ಉರಿದು ಗಪ್ಪೆಂದು ಆರುತ್ತದೆ, ಹಳೆ ಸೆಲ್ಲಿನಂತೆ ಮಂಕಾಗುತ್ತಾ ಹೇಳಿಹೋಗುವುದಿಲ್ಲ.

ತಿಂಗಳಿಗೆರಡು ಸಲ ಸೈಕಲ್ ತೆಗೆಯುವವರಿಗೆ ಎಎಎ ಸೆಲ್ಲಿನದು ಸಾಕು. ಯಾವ ಕಿರಾಣಿ ಅಂಗಡಿಯಲ್ಲೂ ಸೆಲ್ ಸಿಗುತ್ತದೆ. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ಹೊರಗೆ ತೆಗೆದಿಡಿ, ಒಸರಿ ಒಳಗೆಲ್ಲ ಹಸಿರು ಹಿಡಿಯುತ್ತದೆ. ಸಿಆರ್ 2032 ಬಟನ್ ಸೆಲ್ಲಿನ ಪುಟ್ಟ ಲೈಟುಗಳನ್ನು ಎರಡನೆಯ ಲೈಟಾಗಿ ಇಟ್ಟುಕೊಳ್ಳಬಹುದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅದೂ ಬೇಡ. ಆ ಸೆಲ್ ನುಂಗಿದರೆ ಅನ್ನನಾಳ ಸುಡುತ್ತದೆ, ತಕ್ಷಣ ಆಸ್ಪತ್ರೆಗೆ ಓಡಬೇಕಾದ ವಿಷಯ ಅದು.

ಲೈಟಿಗೆ ಟೈಪ್-ಸಿ ಇದೆ, ಆದರೆ ಫೋನಿನ ಚಾರ್ಜರ್ ಹಾಕಿದರೆ ಚಾರ್ಜೇ ಆಗ್ತಿಲ್ಲ. ಕೆಟ್ಟಿದೆಯಾ?

ಬಹುಶಃ ಇಲ್ಲ. ಎರಡೂ ತುದಿಯಲ್ಲಿ ಟೈಪ್-ಸಿ ಇರುವ ಕೇಬಲ್ಲಿನಲ್ಲಿ ಚಾರ್ಜರ್ ಮೊದಲು 'ಆ ಕಡೆ ಯಾರಾದರೂ ಇದ್ದೀರಾ' ಎಂದು ವಿಚಾರಿಸುತ್ತದೆ. ಉತ್ತರ ಕೊಡಲು ಲೈಟಿನೊಳಗೆ 5.1 ಕಿಲೊ-ಓಮಿನ ಎರಡು ಚಿಕ್ಕ ರೆಸಿಸ್ಟರ್ ಇರಬೇಕು. ಅಗ್ಗದ ಲೈಟುಗಳಲ್ಲಿ ಆ ಕೆಲವು ಪೈಸೆಯನ್ನೂ ಉಳಿಸಿರುತ್ತಾರೆ. ಒಂದು ತುದಿಯಲ್ಲಿ ಹಳೆಯ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ ಹಾಕಿ ನೋಡಿ, ಚಾರ್ಜ್ ಆಗುತ್ತದೆ. ಆಫೀಸಿನ ಡ್ರಾಯರಿನಲ್ಲೂ ಅಂಥದ್ದೊಂದು ಇಟ್ಟಿರಿ.

ಎಲ್ಲಿ ಕಟ್ಟಬೇಕು?

ಸೀಟ್ ಪೋಸ್ಟಿನ ಮೇಲೆ, ನೇರ ಹಿಂದಕ್ಕೆ ನೋಡುವಂತೆ, ಅತ್ತಿತ್ತ ವಾಲದಂತೆ. ಸೀಟ್ ಪೋಸ್ಟು ಓರೆಯಾಗಿರುವುದರಿಂದ ಕೋನ ಸರಿಪಡಿಸದ ಲೈಟು ನೆಲ ನೋಡುತ್ತಲೋ ಆಕಾಶ ನೋಡುತ್ತಲೋ ಇರುತ್ತದೆ. ಎಲ್ಲಿ ಕಟ್ಟಿದರೂ ಆಮೇಲೆ ನಿಮ್ಮ ದಿನನಿತ್ಯದ ವೇಷದಲ್ಲೇ ಸೈಕಲ್ ಹತ್ತಿ ಕೂತು, ಮನೆಯವರ ಕೈಲಿ ಹಿಂದಿನಿಂದ ಫೋಟೊ ತೆಗೆಸಿ. ಆಗ ಗೊತ್ತಾಗುತ್ತದೆ ಏನೇನು ಮುಚ್ಚಿಕೊಂಡಿದೆ ಎಂದು. ಉದ್ದ ಕುರ್ತಾ, ದುಪಟ್ಟಾ, ಸೀಟಿನ ಕೆಳಗಿನ ಪುಟ್ಟ ಬ್ಯಾಗು, ಎಲ್ಲಕ್ಕಿಂತ ಹೆಚ್ಚಾಗಿ ಮಳೆಕೋಟು. ಲೈಟು ಅತಿ ಬೇಕಾದ ದಿನವೇ ಮಳೆಕೋಟಿನ ಬಾಲ ಅದರ ಮೇಲೆ ಪರದೆ ಎಳೆದಿರುತ್ತದೆ!

ಕ್ಯಾರಿಯರ್ ಇದ್ದರೆ ಅದರ ಹಿಂತುದಿಗೇ ಹಾಕಿ. ಅಲ್ಲಿ ಬ್ಯಾಗೂ ಅಡ್ಡ ಬರುವುದಿಲ್ಲ, ಬಟ್ಟೆಯೂ ಬರುವುದಿಲ್ಲ. ಕ್ಯಾರಿಯರಿಗೆ ಬೋಲ್ಟ್ ಹಾಕಿ ಬಿಗಿಯುವ ಬ್ರ್ಯಾಕೆಟ್ ಬೇರೆ ಸಿಗುತ್ತದೆ. ಬೆನ್ನಿನ ಬ್ಯಾಗಿಗೆ ಕ್ಲಿಪ್ ಮಾಡುವುದು ಕೊನೆಯ ಆಯ್ಕೆ. ಬಗ್ಗಿ ತುಳಿಯುವಾಗ ಅದು ಮೋಡಗಳಿಗೆ ಬೆಳಕು ತೋರಿಸುತ್ತದೆ.

ಲೈಟಿಗೆ ಸಂಬಂಧವಿಲ್ಲದಿದ್ದರೂ ಹೇಳುತ್ತೇನೆ: ಕಣಕಾಲಿಗೆ ರಿಫ್ಲೆಕ್ಟಿವ್ ಪಟ್ಟಿ ಕಟ್ಟಿ. ಏರಿಳಿಯುವ ಕಾಲು ಕಂಡ ಕೂಡಲೇ ಅದು ಮನುಷ್ಯ, ಸೈಕಲ್ ತುಳಿಯುತ್ತಿದ್ದಾನೆ ಎಂದು ಹೊಳೆಯುತ್ತದೆ. ಪ್ಯಾಂಟು ಚೈನಿಗೆ ಸಿಕ್ಕುವುದೂ ತಪ್ಪುತ್ತದೆ.

ಹಂಪು ಹಾರಿದಾಗಲೆಲ್ಲ ಲೈಟು ಕಳಚಿ ಬೀಳುತ್ತದೆ. ಏನು ಮಾಡಲಿ?

ಇದು ಬೆಂಗಳೂರಿನದ್ದೇ ಕಾಯಿಲೆ. ಎರಡು ಜಾಗದಲ್ಲಿ ತಪ್ಪಾಗುತ್ತದೆ. ಒಂದು ರಬ್ಬರ್ ಪಟ್ಟಿ: ಬಿಸಿಲಿಗೆ ನಿಂತು ನಿಂತು ಬಿರುಕು ಬಿಡುತ್ತದೆ. ಎಳೆದು ನೋಡಿ, ಬಿಳಿ ಗೆರೆಗಳು ಕಂಡರೆ ಬದಲಿಸಿ. ಇನ್ನೊಂದು, ಲೈಟು ಜಾರಿಸಿ ಕೂರಿಸುವ ಪ್ಲಾಸ್ಟಿಕ್ ಕ್ಲಿಪ್: 'ಟಕ್' ಎಂದು ಕಚ್ಚದಿದ್ದರೆ ಅದು ಇವತ್ತಲ್ಲ ನಾಳೆ ಬೀಳುವುದೇ. ನಾನು ಕ್ಲಿಪ್ಪಿನ ಮೇಲೆ ಒಂದು ಸಾದಾ ರಬ್ಬರ್ ಬ್ಯಾಂಡ್ ಸುತ್ತುತ್ತೇನೆ. ನೋಡಲು ಚೆಂದವಿಲ್ಲ, ಆದರೆ ಕೆಲಸ ಮಾಡುತ್ತದೆ. ಮೊದಲು ಹೀಗೆ ಮಾಡದೆ ಒಂದು ಒಳ್ಳೆಯ ಲೈಟು ಕಳೆದುಕೊಂಡಿದ್ದೆ. ಅದು ಬಿದ್ದದ್ದು ಗೊತ್ತಾಗಿ ತಿರುಗಿ ನೋಡುವಷ್ಟರಲ್ಲಿ ಅದರ ಮೇಲೆ ಒಂದು ನೀರಿನ ಟ್ಯಾಂಕರ್ ಹೋಗಿತ್ತು. ಪಾಪ, ಚಪ್ಪಟೆಯಾದ ಮೇಲೂ ಮಿನುಗುತ್ತಲೇ ಇತ್ತು.

ಹೆಲ್ಮೆಟ್ ಹಿಂದೆ ಇರುವ ಲೈಟು ಸಾಕಾ?

ಜೊತೆಗೆ ಇರಲಿ. ಕಾರುಗಳ ಸಾಲಿನಲ್ಲಿ ಎತ್ತರದಿಂದ ಕಾಣುವುದು ಅದರ ಲಾಭ. ಆದರೆ ನೀವು ತಲೆ ತಿರುಗಿಸಿದ ಕಡೆಗೆಲ್ಲ ಅದೂ ತಿರುಗುತ್ತದೆ.

ಮುಂಚೆ ಡೈನಮೊ ಇರುತ್ತಿತ್ತಲ್ಲ, ಅದು ಈಗ ಬೇಡವೇ?

ಅಪ್ಪನ ಸೈಕಲ್ಲಿನಲ್ಲಿತ್ತು. ಟೈರಿಗೆ ಒರಗಿಸಿದರೆ ಗುಂಯ್ ಎನ್ನುತ್ತಿತ್ತು, ಕಾಲಿಗೆ ಭಾರವಾಗುತ್ತಿತ್ತು. ಲೈಟಿಲ್ಲದೆ ಹೋದರೆ ಪೊಲೀಸರು ಚಕ್ರದ ಗಾಳಿ ಬಿಡುತ್ತಾರೆಂಬ ಹೆದರಿಕೆಗೆ ಹಾಕಿಸಿದ್ದು. 6 ವೋಲ್ಟ್, 3 ವಾಟ್. ಅದರಲ್ಲಿ ಹಿಂದಿನ ಬಲ್ಬಿಗೆ ಸಿಗುತ್ತಿದ್ದದ್ದು 0.6 ವಾಟ್. ದೊಡ್ಡ ದೋಷವೆಂದರೆ ಸೈಕಲ್ ನಿಂತರೆ ಲೈಟೂ ಆರುತ್ತಿತ್ತು. ಇವತ್ತಿನ ಸಿಗ್ನಲ್ಲುಗಳಲ್ಲಿ ನಿಂತಿರುವ ಹೊತ್ತೇ ಹೆಚ್ಚು! ಈಗ ಚಕ್ರದ ನಡುವಿನ ಹಬ್ಬಿನೊಳಗೇ ಕೂರುವ ಡೈನಮೊಗಳಿವೆ, ಅದಕ್ಕೆಂದೇ ಮಾಡಿದ ಲೈಟುಗಳಲ್ಲಿ ನಿಂತ ಮೇಲೂ ಕೆಲ ನಿಮಿಷ ಉರಿಯುವಂತೆ ಕರೆಂಟು ಕೂಡಿಟ್ಟುಕೊಳ್ಳುವ ಕೆಪ್ಯಾಸಿಟರ್ ಇರುತ್ತದೆ. ದುಬಾರಿ, ಇಲ್ಲಿ ಸುಲಭಕ್ಕೆ ಸಿಗುವುದೂ ಇಲ್ಲ. ಸಾವಿರಾರು ಕಿ.ಮೀ. ಪ್ರವಾಸ ಹೋಗುವವರಿಗೆ ಬಿಡಿ.

ರಸ್ತೆಗೆ ಲೇಸರ್ ಗೆರೆ ಬಿಡುವುದು, ಇಂಡಿಕೇಟರ್ ಇರುವುದು, ರೇಡಾರ್ ಇರುವುದು?

ಲೇಸರ್ ಗೆರೆಗೆ ದುಡ್ಡು ಹಾಕಬೇಡಿ. ಇಲ್ಲಿ ಬಿಬಿಎಂಪಿ ಬಳಿದ ಬಿಳಿ ಗೆರೆಯನ್ನೇ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಇಂಡಿಕೇಟರಿನ ಎರಡು ದೀಪಗಳ ನಡುವೆ ಅಂಗೈಯಗಲವೂ ಇರುವುದಿಲ್ಲ, ದೂರದಿಂದ ಎಡವೋ ಬಲವೋ ತಿಳಿಯದು; ಕೈ ಚಾಚಿ ತೋರಿಸಿ. ಬ್ರೇಕ್ ಹಿಡಿದಾಗ ತಾನೇ ಜೋರಾಗುವ ಲೈಟು ಮಾತ್ರ ಉಪಯೋಗಕ್ಕೆ ಬರುತ್ತದೆ, ರಸ್ತೆಗುಂಡಿಯ ಕುಲುಕಿಗೂ ಬ್ರೇಕಿಗೂ ವ್ಯತ್ಯಾಸ ಗೊತ್ತಾಗುವಷ್ಟು ಜಾಣ ಆಗಿದ್ದರೆ.

ರೇಡಾರ್ ನಿಜವಾದ ತಂತ್ರಜ್ಞಾನ. ಗಾರ್ಮಿನ್ ಕಂಪನಿಯ ವೇರಿಯಾದಂಥವು ಹಿಂದಿನಿಂದ ಬರುವ ಗಾಡಿಯನ್ನು 140 ಮೀಟರ್ ದೂರದಿಂದಲೇ ಪತ್ತೆಹಚ್ಚಿ ಹ್ಯಾಂಡಲ್ ಮೇಲಿನ ಪರದೆಯಲ್ಲಿ ತೋರಿಸುತ್ತವೆ. ಖಾಲಿ ಹೆದ್ದಾರಿಯಲ್ಲಿ ಅದ್ಭುತ. ಸಿಲ್ಕ್ ಬೋರ್ಡಿನಲ್ಲಿ ಅದು 'ಗಾಡಿ ಬಂತು' ಎನ್ನುವುದನ್ನು ನಿಲ್ಲಿಸುವುದೇ ಇಲ್ಲ, ನಾವೂ ಕೇಳುವುದನ್ನು ಬಿಟ್ಟುಬಿಡುತ್ತೇವೆ.

ಹಗಲಲ್ಲೂ ಹಾಕಬೇಕಾ?

ಹೆದ್ದಾರಿಯಲ್ಲಿ, ಮೋಡ ಕವಿದಾಗ, ಅಂಡರ್‌ಪಾಸಿನೊಳಗೆ ಖಂಡಿತ. ಅದಕ್ಕೆಂದೇ ಜೋರಾಗಿ ಮಿನುಗುವ 'ಡೇ' ಮೋಡ್ ಇರುತ್ತದೆ. ರಾತ್ರಿ ಆ ಮೋಡ್ ಬಿಟ್ಟು ಸಾದಾ ಮೋಡಿಗೆ ಬರುವುದನ್ನು ಮರೆಯಬೇಡಿ, ಹಿಂದಿನವನ ಕಣ್ಣು ಕುಕ್ಕುತ್ತದೆ.

ಗೆಳೆಯರ ಜೊತೆ ನಂದಿ ಬೆಟ್ಟಕ್ಕೆ ಹೋಗುವಾಗ?

ಊರಿಂದ ಸುಮಾರು 60 ಕಿ.ಮೀ., ಸೂರ್ಯೋದಯಕ್ಕೆ ಮೇಲಿರಬೇಕೆಂದರೆ ನಡುರಾತ್ರಿ ಕಳೆಯುತ್ತಲೇ ಹೊರಡಬೇಕು. ಸಾಲಿನಲ್ಲಿ ಹೋಗುವಾಗ ಕೊನೆಯವರ ಲೈಟು ಮಾತ್ರ ಪೂರ್ತಿ ಜೋರಿರಲಿ, ಉಳಿದವರು ಮಂಕು ಮೋಡಿನಲ್ಲಿ ಸುಮ್ಮನೆ ಉರಿಸಿ. ಮುಂದಿನವನ 100 ಲುಮೆನ್ ಮಿನುಗನ್ನು ಎರಡು ಗಂಟೆ ನೋಡುತ್ತಾ ತುಳಿದರೆ ಗೆಳೆತನ ಉಳಿಯುವುದಿಲ್ಲ. ಡಿಸೆಂಬರ್, ಜನವರಿಯ ಮಂಜಿನಲ್ಲಂತೂ ಎರಡು ಲೈಟು ಬೇಕೇ ಬೇಕು.

ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೆ ಒಂದು ಕೊಡಿಸಬೇಕು. ಅಗ್ಗದ್ದು ಯಾವುದು?

ಈ ಪ್ರಶ್ನೆ ಇನ್ನೂ ಹೆಚ್ಚು ಜನ ಕೇಳಬೇಕಿತ್ತು. ರಾತ್ರಿ ಪಾಳಿ ಮುಗಿಸಿ ಹೋಗುವ ಗಾರ್ಡುಗಳು, ಬೆಳಿಗ್ಗೆ ನಾಲ್ಕಕ್ಕೆ ಕೆ.ಆರ್. ಮಾರ್ಕೆಟ್ಟಿನಿಂದ ಹೂವು ತರುವವರು, ಪೇಪರ್ ಹಾಕುವ ಹುಡುಗರು, ಈ ಊರಿನ ಕತ್ತಲಲ್ಲಿ ನಿಜವಾಗಿ ಸೈಕಲ್ ತುಳಿಯುವವರು ಅವರೇ. ಅವರಿಗೆ ದಿನಾ ಬಿಚ್ಚಿ ಚಾರ್ಜ್ ಮಾಡುವ ಲೈಟು ಒಗ್ಗುವುದಿಲ್ಲ. ಕ್ಯಾರಿಯರಿಗೆ ಬೋಲ್ಟ್ ಹಾಕಿ ಬಿಗಿಯುವ, ಎಎಎ ಸೆಲ್ಲಿನ ಸಾದಾ ಲೈಟು, ಜೊತೆಗೆ ಹಿಂದಿನ ಮಡ್‌ಗಾರ್ಡಿಗೆ ಒಂದು ಗೇಣು ಕೆಂಪು ರಿಫ್ಲೆಕ್ಟಿವ್ ಟೇಪು. ಲಾರಿಗಳಿಗೆ ಅಂಟಿಸುವಂಥದ್ದು, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಒಂದು ಜೊತೆ ಸೆಲ್ ಹೆಚ್ಚಿಗೆ ಕೊಟ್ಟುಬಿಡಿ.

ನಿಲ್ಲಿಸಿದ ಸೈಕಲ್ಲಿನಿಂದ ಲೈಟು ಕದಿಯುತ್ತಾರಾ?

ಕದಿಯುತ್ತಾರೆ. ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ.

ಕೊಂಡ ಮೇಲೆ ಸರಿಯಾಗಿದೆಯೋ ಇಲ್ಲವೋ ಪರೀಕ್ಷಿಸುವುದು ಹೇಗೆ?

ರಾತ್ರಿ ಎಂಟರ ಹೊತ್ತಿಗೆ ಸೈಕಲ್ಲನ್ನು ಬೀದಿಯ ಒಂದು ತುದಿಯಲ್ಲಿ ನಿಲ್ಲಿಸಿ, ಲೈಟು ಹಾಕಿ, ನೀವು ನೂರು ಹೆಜ್ಜೆ ಹಿಂದಕ್ಕೆ ನಡೆಯಿರಿ. ತಿರುಗಿ ನೋಡಿದ ಕ್ಷಣಕ್ಕೇ ಕಂಡಿತೋ, ಹುಡುಕಬೇಕಾಯಿತೋ? ಆಮೇಲೆ ಎಡಕ್ಕೂ ಬಲಕ್ಕೂ ಸರಿದು ನೋಡಿ. ಇದಕ್ಕಿಂತ ಕಠಿಣವಾದದ್ದು ಮಳೆ ಬರುವಾಗ ಗೆಳೆಯರ ಕಾರಿನೊಳಗೆ ಕೂತು ನೋಡುವುದು. ವೈಪರ್ ಓಡುತ್ತಿರುತ್ತದೆ, ಗಾಜಿನ ಮೇಲಿನ ಪ್ರತಿ ಹನಿಯೂ ಎದುರಿನ ಬ್ರೇಕ್‌ಲೈಟಿನಿಂದ ಕೆಂಪಾಗಿರುತ್ತದೆ. ನಾನು ಮೊದಲ ಸಲ ಹಾಗೆ ಕೂತಾಗ ನನ್ನ ಸೈಕಲ್ಲು ಎಲ್ಲಿದೆ ಎಂದು ಡ್ರೈವರ್ ಸೀಟಿನಲ್ಲಿದ್ದ ಗೆಳೆಯನನ್ನೇ ಕೇಳಬೇಕಾಯಿತು. ಮರುದಿನವೇ ಎರಡನೆಯ ಲೈಟು ತಂದೆ.